ಜಾಮ್ ಆದ ಹಳೇ ಜೆಟ್ ಸ್ಕೀ: ಬಿಗಿದದ್ದು ಎಲ್ಲಿ, ಯಾಕೆ?

"ಎಂಜಿನ್ ಸೀಜ್ ಆಗಿದೆ", ಅಂದರೆ ಒಳಗೆ ಬಿಗಿದು ತಿರುಗುತ್ತಿಲ್ಲ, ಎಂದು ಯಾರಾದರೂ ಹೇಳಿದರೆ ನಾನು ಕೂಡಲೇ ನಂಬುವುದಿಲ್ಲ. ಬಟನ್ ಒತ್ತಿದಾಗ ತಿರುಗಲಿಲ್ಲ ಅನ್ನುವುದಷ್ಟೇ ಹೆಚ್ಚಿನವರಿಗೆ ಗೊತ್ತಿರುವುದು. ಯಾಕೆ ತಿರುಗಲಿಲ್ಲ ಅಂತ ತಿಳಿಯುವ ಮೊದಲೇ ಸ್ಪ್ಯಾನರಿಗೆ ಉದ್ದದ ಪೈಪ್ ಸಿಕ್ಕಿಸಿ ಜಗ್ಗಿದರೆ, ಉಳಿಯಬಹುದಾಗಿದ್ದ ಸಾಮಾನೂ ಹೋಗುತ್ತದೆ. ಮಲ್ಪೆ ಕಡೆ ನಾಡದೋಣಿಗಳ ಔಟ್‌ಬೋರ್ಡ್ ಎಂಜಿನ್ ರಿಪೇರಿ ನನ್ನ ಕೆಲಸ. ಹೀಗೆ ಜಗ್ಗಿ ಹಾಳು ಮಾಡಿದ ಎಂಜಿನ್‌ಗಳನ್ನು ಬಿಚ್ಚುವಾಗ ಹೊಟ್ಟೆ ಉರಿಯುತ್ತದೆ.

ಕಳೆದ ಮಳೆಗಾಲ ಮುಗಿದ ಮೇಲೆ ನನ್ನ ಶೆಡ್ಡಿಗೆ ಒಂದು ಜೆಟ್ ಸ್ಕೀ (ನೀರಿನ ಮೇಲೆ ಓಡುವ ಸ್ಕೂಟರಿನಂಥ ಗಾಡಿ) ಬಂತು. ಯಮಹಾ ಎಕ್ಸ್‌ಎಲ್ 700, ಮೂರು ಜನ ಕೂರುವಂಥದ್ದು. ಇಪ್ಪತ್ತು ವರ್ಷಕ್ಕಿಂತ ಹಳೆಯದು. ಒಳಗೆ 701 ಸಿಸಿಯ ಎರಡು ಸಿಲಿಂಡರಿನ ಟೂ-ಸ್ಟ್ರೋಕ್ ಎಂಜಿನ್. ಬೋರ್ (ಸಿಲಿಂಡರಿನ ಒಳ ಅಗಲ) 81 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 68 ಮಿ.ಮೀ. ಅಲ್ಯುಮಿನಿಯಂ ಬ್ಲಾಕಿನೊಳಗೆ ಬೀಡು ಕಬ್ಬಿಣದ ಸ್ಲೀವ್, ಅಂದರೆ ಪಿಸ್ಟನ್ ಓಡುವ ಕೊಳವೆ. ಕೊರೆದು ಅಗಲ ಮಾಡಿಸಬಹುದು (ಬೋರಿಂಗ್), ಸ್ವಲ್ಪ ದೊಡ್ಡ (ಓವರ್‌ಸೈಜ್) ಪಿಸ್ಟನ್ ಹಾಕಬಹುದು. ಆರ್‌ಎಕ್ಸ್ 100 ಬೈಕಿನ ಎಂಜಿನ್ ಬಿಚ್ಚಿ ಜೋಡಿಸಿದವರಿಗೆ ಇದರಲ್ಲಿ ಅಪರಿಚಿತವಾದದ್ದು ಕಮ್ಮಿ. ಎರಡು ಸಿಲಿಂಡರ್, ನೀರಿನ ಕೂಲಿಂಗ್, ಹಿಂದೆ ಚಕ್ರದ ಬದಲು ನೀರನ್ನು ಹಿಂದಕ್ಕೆ ಚಿಮ್ಮಿಸಿ ಗಾಡಿ ಓಡಿಸುವ ಪಂಪು. ಈಗ ಬರುವ ಫೋರ್-ಸ್ಟ್ರೋಕ್ ಜೆಟ್ ಸ್ಕೀಗಳ ಹಾಗೆ ಕಂಪ್ಯೂಟರ್ ಹಾಕಿ ನೋಡಬೇಕಾಗಿಲ್ಲ. ಕಣ್ಣು, ಕಿವಿ, ಕೈ ಸಾಕು. ಅದಕ್ಕೇ ಈ ಹಳೇ ಎಂಜಿನ್ ಅಂದರೆ ನನಗೆ ಪ್ರೀತಿ.

ತಂದವರು ಮೊದಲು ಬೀಚಿನಲ್ಲಿ ವಾಟರ್ ಸ್ಪೋರ್ಟ್ಸ್ ನಡೆಸುತ್ತಿದ್ದವರು. "ಅಣ್ಣಾ, ಎಂಜಿನ್ ಪೂರ್ತಿ ಜಾಮ್. ಗುಜರಿಗೆ ಹಾಕುವುದಾ, ರಿಪೇರಿ ಮಾಡುವುದಾ ಒಮ್ಮೆ ನೋಡಿ ಹೇಳಿ" ಎಂದರು. ಮೇ ತಿಂಗಳಲ್ಲಿ ಓಡುತ್ತಿತ್ತಂತೆ. ಮಳೆಗಾಲಕ್ಕೆ ತೊಳೆದು, ಟರ್ಪಾಲ್ ಹೊದಿಸಿ ಇಟ್ಟರಂತೆ. ಸೆಪ್ಟೆಂಬರಿನಲ್ಲಿ ತೆಗೆದು ಬಟನ್ ಒತ್ತಿದರೆ "ಟಕ್" ಅಂತ ಒಂದು ಶಬ್ದ, ಅಷ್ಟೇ.

ಇದು ನನಗೆ ಸಿಕ್ಕಿದ ಮೊದಲ ಸುಳಿವು. ಓಡುತ್ತಾ ಇರುವಾಗ ನಿಂತ ಎಂಜಿನ್ ಬೇರೆ, ಇಟ್ಟಲ್ಲೇ ಬಿಗಿದ ಎಂಜಿನ್ ಬೇರೆ. ಓಡುವಾಗ ಹಿಡಿದುಕೊಂಡರೆ ಆಯಿಲ್ ಸಾಲದೆ ಹೋಗಿರಬಹುದು, ಕಾರ್ಬೋರೇಟರ್ ಕಟ್ಟಿ ಪೆಟ್ರೋಲ್ ಕಮ್ಮಿಯಾಗಿರಬಹುದು, ಕೂಲಿಂಗ್ ದಾರಿಯಲ್ಲಿ ಮರಳು ಕೂತು ಬಿಸಿಯಾಗಿರಬಹುದು. ಇಟ್ಟಲ್ಲೇ ಬಿಗಿದರೆ ಮೊದಲ ಅನುಮಾನ ನೀರು ಮತ್ತು ತುಕ್ಕಿನ ಮೇಲೆ. ಆದರೆ ಅನುಮಾನ ಅನುಮಾನವೇ. ಒಂದೊಂದನ್ನೇ ನೋಡಿ ಕಳಚುತ್ತಾ ಹೋಗಬೇಕು.

ಬ್ಯಾಟರಿಯಿಂದ ಶುರು ಮಾಡಿದೆ. ಚಾರ್ಜ್ ಮಾಡಿದ ಒಳ್ಳೆಯ ಬ್ಯಾಟರಿ ಕೊಟ್ಟು, ಮೀಟರ್ ಹಚ್ಚಿ ಬಟನ್ ಒತ್ತಿದೆ. 12.6 ವೋಲ್ಟ್ ಇದ್ದದ್ದು 9ಕ್ಕಿಂತ ಕೆಳಗೆ ಬಿತ್ತು. ಇದು ಸಣ್ಣ ಪರೀಕ್ಷೆ, ಆದರೆ ತುಂಬ ಹೇಳುತ್ತದೆ. ವೋಲ್ಟೇಜ್ ಬೀಳದೆ ಬರೀ "ಟಕ್" ಅಂದರೆ ಕರೆಂಟ್ ಮೋಟಾರಿಗೆ ಹೋಗುತ್ತಿಲ್ಲ. ಆಗ ರಿಲೇ ನೋಡಬೇಕು, ಕೇಬಲ್ ನೋಡಬೇಕು, ಅರ್ತಿಂಗ್ ನೋಡಬೇಕು. ಇಷ್ಟು ಬಿದ್ದಿತು ಅಂದರೆ ಮೋಟಾರ್ ಕರೆಂಟ್ ಎಳೆಯುತ್ತಿದೆ, ಆದರೆ ತಿರುಗಲು ಆಗುತ್ತಿಲ್ಲ. ಬಟನ್ ಮೇಲೆ ಬೆರಳಿಟ್ಟುಕೊಂಡೇ ಇರಬಾರದು. ಒಂದೆರಡು ಸೆಕೆಂಡ್ ಸಾಕು. ಬಿಗಿದ ಎಂಜಿನ್ ಮೇಲೆ ಮತ್ತೆ ಮತ್ತೆ ಒತ್ತಿದರೆ ಮೋಟಾರಿನ ವೈಂಡಿಂಗ್ ಸುಡುತ್ತದೆ, ಖರ್ಚು ಒಂದಿದ್ದದ್ದು ಎರಡಾಗುತ್ತದೆ.

ಆಮೇಲೆ ಪ್ಲಗ್ ತೆಗೆದೆ. ಸಿಲಿಂಡರಿನಲ್ಲಿ ನೀರು ತುಂಬಿದ್ದರೂ ಎಂಜಿನ್ ಸೀಜ್ ಆದ ಹಾಗೇ ಕಾಣುತ್ತದೆ, ಯಾಕೆಂದರೆ ನೀರು ಒತ್ತಿದರೆ ಕುಗ್ಗುವುದಿಲ್ಲ. ಪ್ಲಗ್ ಬಿಚ್ಚಿ ತಿರುಗಿಸಿದಾಗ ನೀರು ಚಿಮ್ಮಿ ಹೊರಗೆ ಬಂದರೆ ಕಥೆ ಅಲ್ಲಿಗೇ ಮುಗಿಯುತ್ತದೆ. ಇಲ್ಲಿ ನೀರು ಬರಲಿಲ್ಲ. ಎಂಜಿನ್ ಕದಲಲೂ ಇಲ್ಲ. ಆದರೆ ಪ್ಲಗ್‌ಗಳು ಮಾತಾಡಿದವು. ಮುಂದಿನ ಸಿಲಿಂಡರಿನ ಪ್ಲಗ್ ಕಂದು ಬಣ್ಣ, ಮೇಲೆ ತೆಳುವಾಗಿ ಆಯಿಲ್. ಹಿಂದಿನದರ ಎಲೆಕ್ಟ್ರೋಡ್ ಕೆಂಪು ತುಕ್ಕು ಹಿಡಿದು ಪುಡಿ ಉದುರುತ್ತಿತ್ತು. ಒಂದೇ ಎಂಜಿನ್, ಒಂದೇ ಪೆಟ್ರೋಲ್, ಒಂದೇ ಆಯಿಲ್. ಒಂದು ಸಿಲಿಂಡರ್ ಮಾತ್ರ ಯಾಕೆ ಹೀಗೆ? ಈ ಪ್ರಶ್ನೆ ಕೊನೆಯವರೆಗೂ ನನ್ನ ತಲೆಯಲ್ಲಿತ್ತು.

ತುಕ್ಕು ಕಂಡಿತು ಅಂತ ಪಂಪ್ ನೋಡದೆ ಬಿಡುವ ಹಾಗಿಲ್ಲ. ಜೆಟ್ ಸ್ಕೀಯಲ್ಲಿ ಕ್ಲಚ್ ಇಲ್ಲ, ಗೇರ್ ಇಲ್ಲ. ಪಿಸ್ಟನ್‌ಗಳು ತಿರುಗಿಸುವ ದಂಡವಾದ ಕ್ರ್ಯಾಂಕ್‌ನಿಂದ ಕಪ್ಲಿಂಗ್ (ಎರಡು ದಂಡ ಜೋಡಿಸುವ ಭಾಗ), ಅಲ್ಲಿಂದ ಶಾಫ್ಟ್, ಶಾಫ್ಟಿನ ತುದಿಯಲ್ಲಿ ಇಂಪೆಲ್ಲರ್ (ನೀರು ದೂಡುವ ಫ್ಯಾನ್). ಇಂಪೆಲ್ಲರಿಗೂ ಅದರ ಸುತ್ತಲಿನ ಉಂಗುರಕ್ಕೂ ನಡುವೆ ಇರುವ ಜಾಗ ಒಂದು ಮಿಲಿಮೀಟರಿಗಿಂತ ಕಮ್ಮಿ. ಅಲ್ಲೊಂದು ಕಲ್ಲಿನ ಚೂರೋ, ಚಿಪ್ಪಿನ ತುಂಡೋ ಸಿಕ್ಕಿಕೊಂಡರೆ ಎಂಜಿನ್ ಪೂರ್ತಿ ನಿಲ್ಲುತ್ತದೆ. ನಮ್ಮ ಕಡಲಲ್ಲಿ ಇನ್ನೂ ಒಂದಿದೆ, ಹರಿದ ಬಲೆಯ ನೈಲಾನ್ ನೂಲು. ಶಾಫ್ಟಿಗೆ ಸುತ್ತಿ, ಬಿಸಿಗೆ ಕರಗಿ, ಗಟ್ಟಿ ಬಳೆಯಾಗಿ ಕೂತುಬಿಡುತ್ತದೆ. "ಎಂಜಿನ್ ಹೋಯ್ತು" ಅಂತ ಬಂದ ಗಾಡಿಯನ್ನು ಬರೀ ನೂಲು ಕತ್ತರಿಸಿ ಕಳಿಸಿದ್ದೂ ಉಂಟು.

ಇದರ ತೂಕ ಇನ್ನೂರು ಕಿಲೋಗಿಂತ ಜಾಸ್ತಿ. ಹಿಂಭಾಗ ಎತ್ತಿ, ಮರದ ದಿಮ್ಮಿ ಕೊಟ್ಟು, ಅಡಿಯ ಜಾಲರಿಯಿಂದ ಟಾರ್ಚ್ ಹಾಕಿ ನೋಡಿದೆ. ಹಸಿರು ನೂಲು ಸ್ವಲ್ಪ ಸಿಕ್ಕಿತು. ಬಿಡಿಸಿದೆ. ಎಂಜಿನ್ ಹಾಗೇ ಇತ್ತು. ಕೊನೆಗೆ ಪಂಪಿನ ಬೋಲ್ಟ್ ಬಿಚ್ಚಿ ಹಿಂದಕ್ಕೆ ಎಳೆದೆ. ಶಾಫ್ಟ್ ಜೊತೆಗೇ ಬಂತು. ಕೈಯಲ್ಲಿ ತಿರುಗಿಸಿದರೆ ಇಂಪೆಲ್ಲರ್ ಆರಾಮಾಗಿ ತಿರುಗಿತು. ಈಗ ಒಳಗಿನ ಕಪ್ಲಿಂಗ್ ಹಿಡಿದು ತಿರುಗಿಸಿ ನೋಡಿದೆ. ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಸ್ಟಾರ್ಟರ್ ಮೋಟಾರ್ ಕೂಡ ಬಿಚ್ಚಿ ಪಕ್ಕಕ್ಕಿಟ್ಟೆ, ಅದರ ಹಲ್ಲು ಫ್ಲೈವೀಲಿಗೆ ಸಿಕ್ಕಿಕೊಂಡಿರಬಹುದಲ್ವಾ? ಅದೂ ಅಲ್ಲ. ಬಿಗಿದಿರುವುದು ಎಂಜಿನ್ನಿನ ಒಳಗೇ ಅಂತ ಆಗ ಧೈರ್ಯವಾಗಿ ಹೇಳಬಹುದಾಯಿತು.

ಆ ಹೊತ್ತಿಗೆ ಶೆಡ್ಡಿಗೆ ಬಂದ ಹಿರಿಯ ಮೀನುಗಾರರೊಬ್ಬರು, "ಮೇಲಿಂದ ಮರದ ತುಂಡು ಇಟ್ಟು ಎರಡು ಪೆಟ್ಟು ಕೊಡಿ ಮಾರಾಯ್ರೆ, ಬಿಡ್ತದೆ" ಅಂದರು. ಒಂದು ಸಿಲಿಂಡರಿನ ಎಂಜಿನ್ನಿನಲ್ಲಿ, ಪಿಸ್ಟನ್ ಮಧ್ಯದಲ್ಲಿ ನಿಂತಿದ್ದರೆ ಆ ಮಾತು ಸರಿ. ಇಲ್ಲಿ ಮೊದಲು ಪಿಸ್ಟನ್ ಎಲ್ಲಿ ನಿಂತಿದೆ ಅಂತ ನೋಡಬೇಕಿತ್ತು.

ಎಕ್ಸಾಸ್ಟ್ ಪೈಪ್ ತೆಗೆದೆ. ಅದು ಎಂಜಿನ್ನಿನ ಮೇಲೆಯೇ ಹಾದು ಹೋಗುತ್ತದೆ, ಅದನ್ನು ತೆಗೆಯದೆ ಹೆಡ್ ಬಿಚ್ಚಲೂ ಆಗುವುದಿಲ್ಲ. ಉಪ್ಪು ತಿಂದ ಬೋಲ್ಟ್‌ಗಳು. ಒಂದೊಂದಕ್ಕೂ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಬಿಸಿ ಮಾಡಿ, ಮೊದಲು ಚೂರು ಬಿಗಿಮಾಡಿ ಆಮೇಲೆ ಸಡಿಲಿಸಬೇಕು. ಅವಸರ ಮಾಡಿದರೆ ಬೋಲ್ಟ್ ತುಂಡಾಗಿ ಅರ್ಧ ಒಳಗೇ ಉಳಿಯುತ್ತದೆ. ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಇದೇ. ಬರೆಯಲು ಇದರಲ್ಲಿ ಜಾಸ್ತಿ ಏನಿಲ್ಲ, ತಾಳ್ಮೆ ಬೇಕು ಅಷ್ಟೇ.

ಆ ಪೈಪನ್ನು ಸಿಲಿಂಡರಿಗೆ ಜೋಡಿಸುವ ಮ್ಯಾನಿಫೋಲ್ಡ್ ಈಚೆ ಬಂದ ಮೇಲೆ, ಸಿಲಿಂಡರಿನ ಗೋಡೆಯಲ್ಲಿ ಹೊಗೆ ಹೊರಗೆ ಹೋಗುವ ಕಿಂಡಿಗಳಾದ ಎಕ್ಸಾಸ್ಟ್ ಪೋರ್ಟ್‌ಗಳ ಒಳಗೆ ಬೆಳಕು ಬಿಟ್ಟೆ. ಅಲ್ಲಿ ಎಲ್ಲ ಅರ್ಥವಾಯಿತು.

ಮುಂದಿನ ಪೋರ್ಟಿನಲ್ಲಿ ಪಿಸ್ಟನ್ನಿನ ಪಕ್ಕೆ ಅಡ್ಡ ನಿಂತು ಪೋರ್ಟ್ ಪೂರ್ತಿ ಮುಚ್ಚಿತ್ತು. ಬೆಳ್ಳಗೆ, ನುಣ್ಣಗೆ, ಒಂದು ಗೀರೂ ಇಲ್ಲ. ಹಿಂದಿನ ಪೋರ್ಟ್ ಪೂರ್ತಿ ತೆರೆದಿತ್ತು. ಒಳಗಿನ ಗೋಡೆ ಕಿತ್ತಳೆ ಬಣ್ಣ. ಈ ಎಂಜಿನ್ನಿನಲ್ಲಿ ಒಂದು ಪಿಸ್ಟನ್ ಮೇಲಿದ್ದರೆ ಇನ್ನೊಂದು ಕೆಳಗಿರುತ್ತದೆ, ಕ್ರ್ಯಾಂಕಿನ ಎರಡು ಪಿನ್ನುಗಳ ನಡುವೆ 180 ಡಿಗ್ರಿ ಅಂತರ. ಗಾಡಿ ನಿಂತಾಗ ಮುಂದಿನ ಪಿಸ್ಟನ್ ಮೇಲೆ, ಹಿಂದಿನದು ಕೆಳಗೆ ಇತ್ತು. ಎಕ್ಸಾಸ್ಟ್ ಕಡೆಯಿಂದ ನೀರು ಬಂದಿದ್ದರೆ ಮುಂದಿನ ಬಾಗಿಲು ಹಾಕಿತ್ತು, ಹಿಂದಿನದು ತೆರೆದಿತ್ತು. ಒಂದೇ ಸಿಲಿಂಡರ್ ಯಾಕೆ ತುಕ್ಕು ಹಿಡಿಯಿತು ಅನ್ನುವ ಪ್ರಶ್ನೆಗೆ ಉತ್ತರ ಕಣ್ಣೆದುರೇ ಇತ್ತು. ಪೆಟ್ರೋಲಿನಲ್ಲಿ ನೀರು ಬಂದಿದ್ದರೆ ಎರಡು ಕಡೆಗೂ ಸ್ವಲ್ಪ ಸ್ವಲ್ಪ ಬರಬೇಕಿತ್ತು.

ಮೇಲಿಂದ ಪೆಟ್ಟು ಕೊಡಬಾರದು ಅನ್ನುವುದಕ್ಕೂ ಇದೇ ಕಾರಣ. ಒಂದು ಪಿಸ್ಟನ್ ತೀರಾ ಮೇಲೆ, ಇನ್ನೊಂದು ತೀರಾ ಕೆಳಗೆ ಇರುವಾಗ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಕ್ರ್ಯಾಂಕಿನ ಜೊತೆ ನೇರ ಗೆರೆಯಲ್ಲಿ ನಿಂತಿರುತ್ತದೆ. ಎಷ್ಟೇ ಹೊಡೆದರೂ ಅದು ತಿರುಗುವ ಬಲವಾಗುವುದಿಲ್ಲ. ಪೆಟ್ಟೆಲ್ಲ ಬೇರಿಂಗಿಗೆ, ರಾಡಿಗೆ. ಆ ಹಿರಿಯರಿಗೆ ಟಾರ್ಚ್ ಕೊಟ್ಟು ತೋರಿಸಿದೆ. ಬಗ್ಗಿ ನೋಡಿ, "ಹೌದಲ್ಲ, ಎರಡೂ ನೆಟ್ಟಗೆ ನಿಂತಿದೆ" ಅಂದು ಅವರೇ ಮರದ ತುಂಡನ್ನು ಪಕ್ಕಕ್ಕಿಟ್ಟರು.

ಹೆಡ್ ಬಿಚ್ಚಿದೆ. ಬೇರೆ ಕಾರಣ ಏನಾದರೂ ಇದೆಯೇ ಅಂತ ಹುಡುಕಿದೆ. ಪೆಟ್ರೋಲ್ ಸಾಲದೆ ಬಿಸಿಯಾಗಿ ಹಿಡಿದಿದ್ದರೆ ಪಿಸ್ಟನ್ನಿನ ತಲೆ ಕರಗಿದ ಗುರುತು ಇರುತ್ತದೆ, ಎಕ್ಸಾಸ್ಟ್ ಕಡೆ ಅಲ್ಯುಮಿನಿಯಂ ಗೋಡೆಗೆ ಬಳಿದುಕೊಂಡಿರುತ್ತದೆ. ಆಯಿಲ್ ಇಲ್ಲದೆ ಹೋಗಿದ್ದರೆ ಸುತ್ತಲೂ ಉದ್ದುದ್ದ ಗೀರುಗಳಿರುತ್ತವೆ. ತಣ್ಣಗಿರುವಾಗಲೇ ಪೂರ್ತಿ ಥ್ರಾಟಲ್ ಕೊಟ್ಟಿದ್ದರೆ ಪಿಸ್ಟನ್ ಬೇಗ ಹಿಗ್ಗಿ, ಸಿಲಿಂಡರ್ ಅಷ್ಟು ಬೇಗ ಹಿಗ್ಗದೆ, ಪಿಸ್ಟನ್ನಿನ ನಾಲ್ಕು ಮೂಲೆಯಲ್ಲಿ ಉಜ್ಜಿದ ಗುರುತು ಬೀಳುತ್ತದೆ. ಇಲ್ಲಿ ಇದ್ಯಾವುದೂ ಕಾಣಲಿಲ್ಲ. ಆಯಿಲ್ ಟ್ಯಾಂಕಿನಲ್ಲಿ ಆಯಿಲ್ ಇತ್ತು, ಆಯಿಲ್ ಪಂಪಿನಿಂದ ಹೋಗುವ ಪಾರದರ್ಶಕ ಪೈಪಿನಲ್ಲಿ ಗಾಳಿಯ ಗುಳ್ಳೆ ಇರಲಿಲ್ಲ. ಮುಂದಿನ ಬೋರಿನಲ್ಲಿ ಹೋನಿಂಗ್ ಗೆರೆಗಳು, ಅಂದರೆ ಗೋಡೆಯನ್ನು ಕಲ್ಲಿನಿಂದ ನಯ ಮಾಡುವಾಗ ಬೀಳುವ ಸಣ್ಣ ಗೆರೆಗಳು, ಇನ್ನೂ ಕಾಣುತ್ತಿದ್ದವು. ಎಂಜಿನ್ ಸಾಯುವಂತೆ ಓಡಿಸಿಲ್ಲ ಅಂತ ಅದರಿಂದಲೇ ಗೊತ್ತಾಗುತ್ತದೆ.

ಹಾಗಾದರೆ ಎಕ್ಸಾಸ್ಟಿನಿಂದ ನೀರು ಬಂದದ್ದು ಹೇಗೆ? ಎರಡು ದಾರಿ ಇದೆ. ಒಂದು, ಗಾಡಿ ನೀರಿನಲ್ಲಿ ಮಗುಚಿ, ಅದನ್ನು ತಪ್ಪು ದಿಕ್ಕಿಗೆ ಹೊರಳಿಸಿ ನೆಟ್ಟಗೆ ಮಾಡುವುದು. ಯಾವ ಕಡೆಗೆ ಹೊರಳಿಸಬೇಕು ಅಂತ ಹಿಂಭಾಗದಲ್ಲಿ ಬಾಣದ ಸ್ಟಿಕ್ಕರ್ ಇರುತ್ತದೆ. ಅದಕ್ಕೆ ಉಲ್ಟಾ ಹೊರಳಿಸಿದರೆ ಎಕ್ಸಾಸ್ಟ್ ದಾರಿಯ ಡಬ್ಬಿಯಾದ ವಾಟರ್ ಬಾಕ್ಸಿನಲ್ಲಿರುವ ಉಪ್ಪು ನೀರು ಸಿಲಿಂಡರಿಗೆ ಇಳಿಯುತ್ತದೆ. ಇನ್ನೊಂದು, ತೊಳೆಯುವಾಗ. ಮಾಲೀಕರಿಗೆ ಫೋನ್ ಮಾಡಿ ಎರಡನ್ನೂ ಕೇಳಿದೆ. ಮಗುಚಿರಲಿಲ್ಲ. "ತೊಳೆದದ್ದು ಹೇಗೆ ಹೇಳಿ" ಅಂದೆ.

"ಹುಡುಗರು ಪೈಪ್ ಸಿಕ್ಕಿಸಿ ನಳ್ಳಿ ಬಿಟ್ಟರು ಅಣ್ಣಾ. ಆಮೇಲೆ ಸ್ಟಾರ್ಟ್ ಮಾಡಿದ್ದು. ಕೊನೆಗೆ ಎಂಜಿನ್ ಬಂದ್ ಮಾಡಿ, ಒಳ್ಳೆ ತೊಳೆಯಲಿ ಅಂತ ನೀರು ಸ್ವಲ್ಪ ಹೊತ್ತು ಹಾಗೇ ಬಿಟ್ಟಿದ್ದೆವು."

ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಕಾರಿಗಾಗಲಿ, ಬೈಕಿಗಾಗಲಿ ನೀರು ಜಾಸ್ತಿ ಬಿಟ್ಟರೆ ಏನೂ ಆಗುವುದಿಲ್ಲ. ಜೆಟ್ ಸ್ಕೀಯಲ್ಲಿ ಹಾಗಲ್ಲ. ನಳ್ಳಿಯ ನೀರು ಸಿಲಿಂಡರಿನ ಸುತ್ತ ಹರಿದು, ಎಕ್ಸಾಸ್ಟ್ ಪೈಪಿಗೇ ಸೇರಿ, ವಾಟರ್ ಬಾಕ್ಸ್ ದಾಟಿ ಹೊರಗೆ ಹೋಗಬೇಕು. ಅದನ್ನು ಹೊರಗೆ ದೂಡುವುದು ಎಂಜಿನ್ನಿನ ಹೊಗೆ. ಎಂಜಿನ್ ನಿಂತಿದ್ದರೆ ದೂಡುವವರಿಲ್ಲ. ವಾಟರ್ ಬಾಕ್ಸ್ ತುಂಬುತ್ತದೆ, ಪೈಪ್ ತುಂಬುತ್ತದೆ, ಆಮೇಲೆ ನೀರು ಹಿಂದಕ್ಕೆ ಸಿಲಿಂಡರಿಗೆ ಬರುತ್ತದೆ. ಅದಕ್ಕೇ ಮೊದಲು ಎಂಜಿನ್ ಸ್ಟಾರ್ಟ್, ಆಮೇಲೆ ನೀರು. ನಿಲ್ಲಿಸುವಾಗ ಮೊದಲು ನೀರು ಬಂದ್. ಒಂದೆರಡು ಸಲ ಚೂರು ರೇಸ್ ಮಾಡಿ ಉಳಿದ ನೀರು ಉಗುಳಿಸಿ, ಆಮೇಲೆ ಎಂಜಿನ್ ಬಂದ್. ನೀರಿಲ್ಲದೆ ಜಾಸ್ತಿ ಹೊತ್ತು ಓಡಿಸಲೂಬಾರದು, ಹತ್ತು ಹದಿನೈದು ಸೆಕೆಂಡಿನ ಆಚೆ ಹೋಗಬಾರದು. ಕೊನೆಗೆ ಪ್ಲಗ್ ತೆಗೆದು ಎರಡೂ ಸಿಲಿಂಡರಿಗೆ ಟೂ-ಟಿ ಆಯಿಲ್ ಬಿಟ್ಟು ಎಂಜಿನ್ ತಿರುಗಿಸಿ ಇಟ್ಟರೆ ಮಳೆಗಾಲ ಕಳೆಯುತ್ತದೆ. ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಬೀಳುವ ಊರು ನಮ್ಮದು. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳೇ ಕಡಲಿಗೆ ಇಳಿಯುವುದಿಲ್ಲ. ಆ ಗಾಳಿಯಲ್ಲಿ ನೀರು ನಿಂತ ಬೀಡಿನ ಗೋಡೆ ತಿಂಗಳುಗಟ್ಟಲೆ ಸುಮ್ನೆ ಇರುತ್ತದೆಯೇ?

ಕಾರಣ ಗೊತ್ತಾಯಿತು. ಇನ್ನು ಎಷ್ಟು ಹಾಳಾಗಿದೆ ಅಂತ ನೋಡಬೇಕು. ಪಿಸ್ಟನ್ ಮೇಲೆ ಎಣ್ಣೆ ತುಂಬಿಸಿ ಬಿಡಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಪಿಸ್ಟನ್ ಕೆಳಗಿರುವಾಗ ಪೋರ್ಟ್‌ಗಳೆಲ್ಲ ತೆರೆದಿರುತ್ತವೆ, ಹಾಕಿದ ಎಣ್ಣೆ ನಿಲ್ಲುವುದೇ ಇಲ್ಲ. ಎಟಿಎಫ್‌ಗೆ (ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್) ಡೀಸೆಲ್ ಬೆರೆಸಿ, ಅದರಲ್ಲಿ ಅದ್ದಿದ ಬಟ್ಟೆಯನ್ನು ಪಿಸ್ಟನ್ ಅಂಚಿಗೆ ಸುತ್ತಿಟ್ಟೆ. ಆಗಾಗ ಒಂದಿಷ್ಟು ಹನಿಸುತ್ತಾ ಬಂದೆ. ಕ್ರ್ಯಾಂಕ್ ಇರುವ ಕೋಣೆಯಿಂದ (ಕ್ರ್ಯಾಂಕ್‌ಕೇಸ್) ಸಿಲಿಂಡರಿಗೆ ಪೆಟ್ರೋಲ್ ಮತ್ತು ಗಾಳಿ ಬರುವ ಟ್ರಾನ್ಸ್‌ಫರ್ ಪೋರ್ಟಿನಿಂದ ಕೆಳಗೆ ಇಳಿದದ್ದು ಬೇರಿಂಗಿಗೆ ಹೋಗಲಿ ಅಂತ ಬಿಟ್ಟೆ, ಅದು ಒಳ್ಳೆಯದೇ. ಗೋಡೆಯ ತುಕ್ಕನ್ನು ನಯವಾದ ಎಮೆರಿ ಪೇಪರಿನಲ್ಲಿ ಎಣ್ಣೆ ಹಚ್ಚಿ ಉಜ್ಜಿ, ಪುಡಿಯನ್ನೆಲ್ಲ ಒರೆಸಿ ತೆಗೆದೆ. ತುಕ್ಕು ತೆಗೆಯದೆ ಪಿಸ್ಟನ್ ಮೇಲಕ್ಕೆ ಎಳೆದರೆ ರಿಂಗ್ ಮುರಿದು ಪೋರ್ಟಿಗೆ ಸಿಕ್ಕಿಕೊಳ್ಳುತ್ತದೆ.

ಆಮೇಲೆ ಕಪ್ಲಿಂಗ್ ಹಿಡಿದು ಆಚೆ ಸ್ವಲ್ಪ, ಈಚೆ ಸ್ವಲ್ಪ. ಒಂದೇ ದಿಕ್ಕಿಗೆ ಬಲ ಹಾಕಲಿಲ್ಲ. ಮೊದಲು ಏನೂ ಇಲ್ಲ. ಬಟ್ಟೆ ಬದಲಿಸಿ, ಬ್ಲಾಕಿಗೆ ಬಿಸಿ ಗಾಳಿ ಹಿಡಿದು, ಮತ್ತೆ. ಒಂದು ಬೆಳಗ್ಗೆ ಮುಂದಿನ ಪಿಸ್ಟನ್ ಕಣ್ಣಿಗೆ ಕಾಣುವಷ್ಟು ಇಳಿಯಿತು. ಕೂಗಿ ಕುಣಿಯುವಷ್ಟು ಸಂತೋಷವಾಯಿತು, ನಿಜ. ಆದರೆ ತಿರುಗುವಾಗ ಕೈಗೆ ಬಂದ ಅನುಭವ ಚೆನ್ನಾಗಿರಲಿಲ್ಲ. ಎಣ್ಣೆ ಕಾಣದ ಬಾವಿಯ ರಾಟೆಯ ಹಾಗೆ ಕರಕರ ಅನ್ನುತ್ತಿತ್ತು.

ತಿರುಗಿತಲ್ಲ, ಹೆಡ್ ಹಾಕಿ ಸ್ಟಾರ್ಟ್ ಮಾಡೋಣ ಅನ್ನುವ ಆಸೆ ಎಲ್ಲರಿಗೂ ಬರುತ್ತದೆ. ಹುಡುಗರಿಗೂ ಬಂತು. ನಾನು ಬಿಡಲಿಲ್ಲ. ಬ್ಲಾಕ್ ಎತ್ತಿದೆ. ಹಿಂದಿನ ಪಿಸ್ಟನ್ನಿನ ರಿಂಗ್‌ಗಳು ತೋಡಿನಲ್ಲೇ ಹಿಡಿದು ಕೂತಿದ್ದವು. ಉಜ್ಜಿದ ಬೋರಿನ ಮೇಲೆ ಉಗುರು ಎಳೆದರೆ ಎಕ್ಸಾಸ್ಟ್ ಪೋರ್ಟಿನ ಮೇಲ್ಗಡೆ ಸಣ್ಣ ಸಣ್ಣ ಗುಳಿಗಳು ತಾಗುತ್ತವೆ. ಉಗುರಿಗೆ ಸಿಗುವ ಗುಳಿ ಹೋನಿಂಗಿನಲ್ಲಿ ಹೋಗುವುದಿಲ್ಲ, ಬೋರಿಂಗೇ ಬೇಕು. ಅದೇನೂ ದೊಡ್ಡ ವಿಷಯವಲ್ಲ. ಭಯ ಇದ್ದದ್ದು ಕೆಳಗಿನದರ ಬಗ್ಗೆ.

ಹಿಂದಿನ ಕನೆಕ್ಟಿಂಗ್ ರಾಡ್ ಹಿಡಿದು ನೇರ ಮೇಲಕ್ಕೂ ಕೆಳಕ್ಕೂ ಆಡಿಸಿದೆ. ಅಕ್ಕಪಕ್ಕ ಸ್ವಲ್ಪ ಆಡಬಹುದು, ಮೇಲೆ ಕೆಳಗೆ ಒಂಚೂರೂ ಆಡಬಾರದು. ಆಡಲಿಲ್ಲ. ಆದರೆ ಬುಡದ ಬೇರಿಂಗಿನ ರೋಲರ್‌ಗಳ ಮೇಲೆ ಕೆಂಪು ಕಲೆ. ಕಪ್ಲಿಂಗ್ ಕಡೆಯ ಮೇನ್ ಬೇರಿಂಗಿಗೆ ಕಿವಿ ಕೊಟ್ಟು ತಿರುಗಿಸಿದರೆ ಕರಕರ ಶಬ್ದ ಅಲ್ಲಿಂದಲೇ. ತೆರೆದ ಟ್ರಾನ್ಸ್‌ಫರ್ ಪೋರ್ಟಿನ ಮೂಲಕ ನೀರು ಕ್ರ್ಯಾಂಕ್‌ಕೇಸಿಗೂ ಇಳಿದಿತ್ತು. ಮುಂದಿನ ಕಡೆ ಒಣಗಿ, ಶುಭ್ರವಾಗಿ ಇತ್ತು. ಎರಡು ಸಿಲಿಂಡರಿನ ಕ್ರ್ಯಾಂಕ್‌ಕೇಸ್ ನಡುವೆ ಇರುವ ಸೀಲ್ ತನ್ನ ಕೆಲಸ ಮಾಡಿತ್ತು.

ಹಾಗೇ ಜೋಡಿಸಿದ್ದರೆ ಎಂಜಿನ್ ಸ್ಟಾರ್ಟ್ ಆಗುತ್ತಿತ್ತು, ಅನುಮಾನವೇ ಇಲ್ಲ. ಆಮೇಲೆ ದಡದಿಂದ ದೂರದಲ್ಲಿ, ಆರು ಸಾವಿರ ಆರ್‌ಪಿಎಮ್‌ನಲ್ಲಿ, ತುಕ್ಕು ತಿಂದ ಬೇರಿಂಗ್ ಒಡೆಯುತ್ತಿತ್ತು. ಒಡೆದ ರೋಲರ್ ಪಿಸ್ಟನ್ನಿನ ಮಧ್ಯೆ ಸಿಕ್ಕಿದರೆ ಕೇಸ್ ಸಮೇತ ಹೋಗುತ್ತದೆ. ಮೇಲೆ ಕೂತವರು ಪ್ರವಾಸಿಗರೋ, ಮಕ್ಕಳೋ. ಕಡಲಲ್ಲಿ ಗಾಡಿ ನಿಂತರೆ ಪಕ್ಕಕ್ಕೆ ನಿಲ್ಲಿಸಿ ಇಳಿಯುವ ಹಾಗಿಲ್ಲ.

ಮಾಲೀಕರನ್ನು ಕರೆಸಿ ಎಲ್ಲವನ್ನೂ ಮೇಜಿನ ಮೇಲಿಟ್ಟು ತೋರಿಸಿದೆ. ಗುಜರಿಗೆ ಹಾಕುವ ಎಂಜಿನ್ ಅಲ್ಲ. ಕೇಸ್ ಚೆನ್ನಾಗಿದೆ, ಹೆಡ್ ಚೆನ್ನಾಗಿದೆ, ಪಂಪ್ ಚೆನ್ನಾಗಿದೆ. ಎರಡೂ ಬೋರ್ ಒಂದೇ ಓವರ್‌ಸೈಜಿಗೆ ಮಾಡಿಸಿ ಹೊಸ ಪಿಸ್ಟನ್ ಜೋಡಿ ಹಾಕಬೇಕು. ಹಿಂದಿನದನ್ನು ಮಾತ್ರ ಮಾಡಿಸಬಹುದು, ಆದರೆ ಎರಡು ಕಡೆ ಬೇರೆ ಬೇರೆ ತೂಕದ ಪಿಸ್ಟನ್ ಹಾಕಲು ನನಗೆ ಮನಸ್ಸಿಲ್ಲ. ಕ್ರ್ಯಾಂಕ್ ಒತ್ತಿ ಕೂಡಿಸಿದ ಜಾತಿಯದು. ಬೈಕಿನ ಒಂಟಿ ಕ್ರ್ಯಾಂಕಿಗೆ ರಾಡ್ ಕಿಟ್ ಹಾಕಿಸಿದಷ್ಟು ಸುಲಭ ಅಲ್ಲ. ಪ್ರೆಸ್ಸಿನಲ್ಲಿ ಬಿಡಿಸಿ, ಹೊಸ ಬೇರಿಂಗ್ ಹಾಕಿ, ಮತ್ತೆ 180 ಡಿಗ್ರಿಗೆ ಸರಿಯಾಗಿ ಕೂಡಿಸಿ, ಡಯಲ್ ಗೇಜ್ ಹಿಡಿದು ನೆಟ್ಟಗಿದೆಯೇ ಅಂತ ನೋಡಬೇಕು. ಅದನ್ನು ಮಾಡಿ ಅನುಭವ ಇರುವವರ ಕೈಗೆ ಮಾತ್ರ ಕೊಡುತ್ತೇನೆ, ಇಲ್ಲವಾದರೆ ರೀಬಿಲ್ಡ್ ಮಾಡಿದ ಕ್ರ್ಯಾಂಕೇ ತರಿಸಬೇಕು ಅಂದೆ.

ಅವರು ಸ್ವಲ್ಪ ಹೊತ್ತು ಹಿಂದಿನ ಪಿಸ್ಟನ್ ಕೈಯಲ್ಲಿ ಹಿಡಿದು ನೋಡಿದರು. ಎರಡೂ ಕ್ರಮದ ಖರ್ಚು ಕೇಳಿ, ಕ್ರ್ಯಾಂಕ್ ತರಿಸಿ ಅಂದರು. ಬ್ಲಾಕ್ ಈಗ ಲೇತ್‌ನವರ ಹತ್ತಿರ ಇದೆ. ಪಿಸ್ಟನ್ ಕೈಗೆ ಬರದೆ ಬೋರ್ ಮಾಡಬೇಡಿ ಅಂತ ಅವರಿಗೆ ಹೇಳಿದ್ದೇನೆ. ಬಂದ ಪಿಸ್ಟನ್ ಅಳತೆ ತೆಗೆದೇ ಬೋರ್ ಕೊರೆಯಬೇಕು.

ಅವರ ಇನ್ನೊಂದು ಜೆಟ್ ಸ್ಕೀ ಇನ್ನೂ ಓಡುತ್ತಿದೆ. ತೊಳೆಯುವ ಕ್ರಮವನ್ನು ಅದರ ಸೀಟಿನ ಅಡಿಯಲ್ಲಿ, ಹೋಸ್ ಸಿಕ್ಕಿಸುವ ಜಾಗದ ಪಕ್ಕ, ಪೇಂಟಿನಲ್ಲಿ ಕನ್ನಡದಲ್ಲೇ ಬರೆದು ಕೊಟ್ಟೆ: ಸ್ಟಾರ್ಟ್, ನೀರು, ನೀರು ಬಂದ್, ರೇಸ್, ಎಂಜಿನ್ ಬಂದ್. ಕೆಲಸದ ಹುಡುಗರು ಪ್ರತಿ ವರ್ಷ ಬದಲಾಗುತ್ತಾರೆ, ಹೊಸಬರಿಗೆ ಯಾರಾದರೂ ಹೇಳಲು ನೆನಪಿಟ್ಟುಕೊಳ್ಳುತ್ತಾರೆ ಅಂತ ಕೂರುವ ಹಾಗಿಲ್ಲ.